ಮುಸುವ ಸತ್ತರೆ ಮುಟ್ಟಬೇಡಿ, ಮುಚ್ಚಿಡಲೂ ಬೇಡಿ

ಕೆಲವು ವರ್ಷಗಳ ಹಿಂದಿನ ಮಾತು. ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಬಿನ್ನಿಪೇಟೆಯ ನನ್ನ ಕ್ಲಿನಿಕ್ಕಿಗೆ ಇಪ್ಪತ್ತನಾಲ್ಕು ವರ್ಷದ ಹುಡುಗನೊಬ್ಬ ಬಂದ. ಮಾಗಡಿ ರಸ್ತೆಯ ಹೋಟೆಲೊಂದರಲ್ಲಿ ಅವನಿಗೆ ಕೆಲಸ. ನಾಲ್ಕು ದಿನದಿಂದ ಬಿಡದ ಜ್ವರ, ತಲೆ ಸಿಡಿಯುವಂಥ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ನಿಲ್ಲಲಾರದಷ್ಟು ಸೆಳೆತ. ಕಣ್ಣು ಕೆಂಪಗಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಬೆಂಗಳೂರಿನ ಯಾವ ವೈದ್ಯನಾದರೂ ಮೊದಲು ಯೋಚಿಸುವಂತೆ ನಾನೂ ಡೆಂಗಿ ಎಂದುಕೊಂಡೆ. ಡೆಂಗಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಪ್ಯಾರಾಸಿಟಮಾಲ್ ಕೊಟ್ಟು, ಚೆನ್ನಾಗಿ ನೀರು ಕುಡಿ, ನಾಳೆ ಬಾ ಎಂದು ಕಳುಹಿಸಿದೆ.

ಮರುದಿನ ಅವನ ಚಿಕ್ಕಮ್ಮ ಜೊತೆಯಲ್ಲಿ ಬಂದರು. ರಾತ್ರಿ ಹುಡುಗನಿಗೆ ಮೂಗಿನಲ್ಲಿ ರಕ್ತ ಬಂದಿತ್ತು. ನಾನು ನಾಡಿ ನೋಡುತ್ತಿದ್ದಾಗ ಆಕೆ ಸಂಕೋಚದಿಂದ ಹೇಳಿದರು: "ಡಾಕ್ಟ್ರೇ, ಇವ್ನು ಹಬ್ಬಕ್ಕೆ ಅಂತ ತೀರ್ಥಹಳ್ಳಿ ಕಡೆ ನಮ್ಮೂರಿಗೆ ಹೋಗಿದ್ದ. ತೋಟದ ಹತ್ರ ಎರಡು ಮುಸುವ ಸತ್ ಬಿದ್ದಿದ್ವಂತೆ. ಹನುಮಂತನ ಕುಲ ಅಲ್ವಾ ಅಂತ ಇವ್ನೇ ಎತ್ಕೊಂಡು ಹೋಗಿ, ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡಿ ಬಂದಿದ್ದಾನೆ. ಅದಕ್ಕೇನಾದ್ರೂ ಸಂಬಂಧ ಇರ್ಬೋದಾ?"

ಸಂಬಂಧವಿತ್ತು. ದೊಡ್ಡ ಆಸ್ಪತ್ರೆಗೆ ಸೇರಿಸಿ ರಕ್ತದ ಮಾದರಿ ಕಳುಹಿಸಿದಾಗ ಅದು ಮಂಗನ ಕಾಯಿಲೆ ಎಂದು ಖಚಿತವಾಯಿತು. ಹುಡುಗ ಬದುಕಿದ. ಪೂರ್ತಿ ಚೇತರಿಸಿಕೊಳ್ಳಲು ಒಂದೂವರೆ ತಿಂಗಳು ಹಿಡಿಯಿತು. ಆದರೆ ಮೊದಲ ದಿನವೇ "ಇತ್ತೀಚೆಗೆ ಎಲ್ಲಿಗೆ ಹೋಗಿದ್ದೆ?" ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಅಂದಿನಿಂದ ಡಿಸೆಂಬರ್‌ನಿಂದ ಮೇ ತನಕ ಜ್ವರವೆಂದು ಬಂದ ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಮಲೆನಾಡಿನಿಂದ ಬಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿದ ಕುಟುಂಬಗಳು ಎಷ್ಟೋ ಇವೆ. ಅಡಿಕೆ ಕೊಯ್ಲಿಗೆ, ಹಬ್ಬಕ್ಕೆ, ಮಕ್ಕಳ ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವ ಈ ಮನೆಗಳವರು ಮುಸುವದ ಬಗ್ಗೆ ಸ್ವಲ್ಪ ತಿಳಿದಿರುವುದು ಒಳ್ಳೆಯದು. ವೈದ್ಯನೊಬ್ಬ ಪ್ರಾಣಿಶಾಸ್ತ್ರ ಹೇಳುತ್ತಾನಲ್ಲ ಎನ್ನಬೇಡಿ. ಈ ಕಾಯಿಲೆಯ ಮಟ್ಟಿಗೆ ಮುಸುವ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದು ಗೊತ್ತಿಲ್ಲದೆ ಮನುಷ್ಯನ ಜ್ವರ ಅರ್ಥವಾಗುವುದಿಲ್ಲ.

ಎಲೆ ತಿನ್ನುವ ಮಂಗ

ನಮ್ಮ ಬೀದಿಗಳಲ್ಲಿ ತಾರಸಿ ಹತ್ತಿ ಹಪ್ಪಳ ಕದಿಯುವುದು ಕೆಂಪು ಮುಸುಡಿಯ ಕೋತಿ. ಮುಸುವ ಬೇರೆ. ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದನೆಯ ಬಾಲ. ಹಿಂದಿಯಲ್ಲಿ ಲಂಗೂರ್ ಎನ್ನುವುದು ಇದನ್ನೇ. ಹಿಂದೆ ಭಾರತದ ಬೂದು ಮುಸುವಗಳೆಲ್ಲ ಒಂದೇ ಜಾತಿ ಎಂದುಕೊಂಡಿದ್ದರು. ಈಗ ಪ್ರಾಣಿಶಾಸ್ತ್ರಜ್ಞರು ಅವನ್ನು ಹಲವು ಪ್ರಭೇದಗಳಾಗಿ ವಿಂಗಡಿಸಿದ್ದಾರೆ. ಪಶ್ಚಿಮಘಟ್ಟದ್ದು ಕೈಕಾಲು ಕಪ್ಪಗಿರುವ ಪ್ರಭೇದ.

ಮುಸುವದ ಹೊಟ್ಟೆ ಕೋತಿಯ ಹೊಟ್ಟೆಯಂತಲ್ಲ. ಹಸುವಿನ ಹೊಟ್ಟೆಯ ಹಾಗೆ ಅದರಲ್ಲಿ ಬೇರೆ ಬೇರೆ ಕೋಣೆಗಳಿವೆ. ಎಲೆಯನ್ನು ಅಲ್ಲಿರುವ ಸೂಕ್ಷ್ಮಜೀವಿಗಳು ಹುಳಿಯಿಸಿ ಕರಗಿಸಿಕೊಡುತ್ತವೆ. ಆದ್ದರಿಂದಲೇ ಬೇರೆ ಮಂಗಗಳು ತಿನ್ನಲಾರದ ಬಲಿತ ಎಲೆಯನ್ನೂ ಅದು ತಿಂದು ಬದುಕಬಲ್ಲದು. ದೇವಸ್ಥಾನದ ಬಳಿ ಭಕ್ತರು ಎಸೆಯುವ ಬ್ರೆಡ್ಡು, ಬಿಸ್ಕತ್ತು ಅದಕ್ಕೆ ಹೇಳಿಸಿದ ಆಹಾರವಲ್ಲ. ಪುಣ್ಯಕ್ಕೆಂದು ಕೊಡುವವರು ಇದನ್ನು ಯೋಚಿಸಬೇಕು. ಚಿಗುರು, ಕಾಯಿ, ಹೂವು ಹುಡುಕುತ್ತ ತಂಡ ಮರದಿಂದ ಮರಕ್ಕೆ ಸಾಗುತ್ತದೆ. ಆದರೆ ದಿನವಿಡೀ ಮರದ ಮೇಲೇ ಇರುತ್ತದೆ ಎಂದಲ್ಲ. ಉದುರಿದ ಕಾಯಿಗೆ, ನೀರಿಗೆ, ಆಟಕ್ಕೆ ನೆಲಕ್ಕೆ ಇಳಿಯುತ್ತದೆ. ನೆಲಕ್ಕೆ ಇಳಿಯುವ ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ.

ಮುಸುವದ ಸಂಸಾರದ ಬಗ್ಗೆ ಜಗತ್ತಿಗೆ ಮೊದಲು ಪಾಠ ಹೇಳಿದ ಜಾಗಗಳಲ್ಲಿ ನಮ್ಮ ಧಾರವಾಡವೂ ಒಂದು ಎಂದರೆ ಬಹಳ ಮಂದಿಗೆ ಆಶ್ಚರ್ಯವಾಗುತ್ತದೆ. 1961ರಿಂದ 1963ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಎಂಬ ವಿಜ್ಞಾನಿ ಧಾರವಾಡದ ಪಶ್ಚಿಮಕ್ಕಿರುವ ಕಾಡುಗಳಲ್ಲಿ ಮುಸುವದ ತಂಡಗಳನ್ನು ಹಿಂಬಾಲಿಸಿದರು. ಯೋಶಿಬಾ ಮತ್ತು ನಮ್ಮವರೇ ಆದ ಪಾರ್ಥಸಾರಥಿ ಅವರೊಂದಿಗೆ ಸೇರಿ ತಂಡಗಳ ಎಲ್ಲೆ, ಬೆದೆಯ ಕಾಲ, ಗಂಡು ಗುಂಪುಗಳ ಓಡಾಟ ಇವನ್ನೆಲ್ಲ ಬರೆದಿಟ್ಟರು. ಸಾಮಾನ್ಯವಾಗಿ ಒಂದು ತಂಡಕ್ಕೆ ಒಂದು ಬಲಿಷ್ಠ ಗಂಡು, ಹಲವು ಹೆಣ್ಣು, ಅವುಗಳ ಮರಿಗಳು. ಉಳಿದ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಂಡು ಅಂಚಿನಲ್ಲಿ ಸುತ್ತುತ್ತವೆ. ಮರಿ ಹುಟ್ಟಿದ ಮೊದಲ ದಿನಗಳಲ್ಲೇ ತಾಯಿ ಅದನ್ನು ಬೇರೆ ಹೆಣ್ಣುಗಳಿಗೆ ಎತ್ತಿಕೊಳ್ಳಲು ಬಿಡುತ್ತದೆ. ನಮ್ಮ ಬಾಣಂತಿಯ ಮನೆಯಲ್ಲಿ ಕೂಸು ಕೈಯಿಂದ ಕೈಗೆ ಹೋಗುವ ಹಾಗೆ.

ಸುಗಿಯಾಮಾ ಕಂಡ ಇನ್ನೊಂದು ಸಂಗತಿ ಅಷ್ಟು ಮುದ್ದಾದದ್ದಲ್ಲ. ಹೊರಗಿನ ಗಂಡುಗಳು ನುಗ್ಗಿ ಹಳೆಯ ಯಜಮಾನನನ್ನು ಓಡಿಸಿದವು. ಅವುಗಳಲ್ಲಿ ಗೆದ್ದ ಒಂದು ಗಂಡು ತಂಡದಲ್ಲಿದ್ದ ಎಳೆಯ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ಹೆಣ್ಣುಗಳು ಬೇಗನೆ ಮತ್ತೆ ಬೆದೆಗೆ ಬಂದವು. 1965ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಅನೇಕರು ನಂಬಲಿಲ್ಲ. ಏನೋ ಅಪರೂಪದ ವಿಕೃತಿ ಎಂದರು. ಮುಂದೆ ಅಬು ಪರ್ವತದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಸಾರಾ ಹರ್ಡಿ, ಇದು ತನ್ನ ಸಂತತಿ ಬೆಳೆಸುವ ಗಂಡಿನ ಉಪಾಯ ಎಂದು ವಾದಿಸಿದರು. ಆ ಚರ್ಚೆ ದಶಕಗಳ ಕಾಲ ನಡೆಯಿತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬೇರೊಂದು. ತಂಡದ ಗಂಡು ಜ್ವರದಿಂದ ಸತ್ತರೂ, ಯಾರೋ ಗುಂಡು ಹಾರಿಸಿ ಕೊಂದರೂ, ನಷ್ಟ ಒಂದೇ ಪ್ರಾಣಿಯದಲ್ಲ. ಹೊಸ ಗಂಡು ಬಂದಾಗ ಮರಿಗಳಿಗೂ ಕುತ್ತು ಬರಬಹುದು. ಹೆಣ್ಣು ಮುಸುವ ಆರು ತಿಂಗಳಿಗೂ ಹೆಚ್ಚು ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಹೋದ ತಂಡ ಮತ್ತೆ ತುಂಬಿಕೊಳ್ಳುವುದು ನಿಧಾನ.

ಅದೇ ವರ್ಷಗಳಲ್ಲಿ, ಶಿವಮೊಗ್ಗದಲ್ಲಿ

ಸುಗಿಯಾಮಾ ಧಾರವಾಡದಲ್ಲಿ ಬದುಕಿದ ಮುಸುವಗಳನ್ನು ಲೆಕ್ಕ ಹಾಕುತ್ತಿದ್ದಾಗ, ಅಲ್ಲಿಂದ ದಕ್ಷಿಣಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿ ಬೇರೆ ವಿಜ್ಞಾನಿಗಳು ಸತ್ತ ಮುಸುವಗಳನ್ನು ಲೆಕ್ಕ ಹಾಕುತ್ತಿದ್ದರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದವು. ಹಿಂದೆಯೇ ಹಳ್ಳಿಗರಿಗೆ ಜ್ವರ ಬಂತು. ಎರಡಕ್ಕೂ ಸಂಬಂಧವಿದೆ ಎಂದು ಮೊದಲು ಗುರುತಿಸಿದವರು ಆ ಹಳ್ಳಿಗರೇ. ಅವರು ಇಟ್ಟ ಹೆಸರು ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸುದ್ದಿ ತಲುಪಿದಾಗ ಅವರಿಗಾದದ್ದು ಗಾಬರಿ. ದಕ್ಷಿಣ ಅಮೆರಿಕದಲ್ಲಿ ಮಂಗಗಳು ಸತ್ತು ಜನರಿಗೆ ಜ್ವರ ಬಂದರೆ ಅದು ಹಳದಿ ಜ್ವರ. ಏಷ್ಯಾದಲ್ಲಿ ಆ ರೋಗ ಇರಲಿಲ್ಲ. ಅದು ಇಲ್ಲಿಗೂ ಕಾಲಿಟ್ಟಿತೇ? ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಧಾವಿಸಿ ಬಂದರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಜಗತ್ತಿಗೇ ಹೊಸದಾದ ವೈರಾಣು. ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳುಜ್ವರದ ವೈರಾಣುವಿನ ಬಳಗಕ್ಕೆ ಸೇರಿದ್ದು. ಹಾಗಾದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂದೂ ಹುಡುಕಿದರು. ಪಕ್ಷಿತಜ್ಞ ಸಲೀಂ ಅಲಿ ಅವರ ಬಳಗದವರು ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ.

1957ರಿಂದ 1964ರವರೆಗೆ ಆ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಮಂಗಗಳ ಸಾವು ದಾಖಲಾಯಿತು. ಬಹುಪಾಲು ಮುಸುವಗಳು. ಕೆಂಪು ಮುಸುಡಿಯ ಕೋತಿಗಳೂ ಸತ್ತವು, ಸಂಖ್ಯೆಯಲ್ಲಿ ಕಡಿಮೆ.

ಉಣ್ಣೆಯ ಪಂಚಾಂಗ

ರೋಗವನ್ನು ಸಾಗಿಸುವುದು ಉಣ್ಣೆ. ಮಲೆನಾಡಿನವರು ಉಣುಗು ಎನ್ನುತ್ತಾರೆ. ಈ ಹುಳದ ಬಾಳು ಮೂರು ಹಂತಗಳದ್ದು, ಪ್ರತಿ ಹಂತಕ್ಕೂ ಒಮ್ಮೆ ರಕ್ತದೂಟ ಬೇಕು. ಮಳೆಗಾಲದಲ್ಲಿ ದೊಡ್ಡ ಉಣ್ಣೆಗಳು ದನಕರು, ಕಾಡುಪ್ರಾಣಿಗಳ ಮೈಗೆ ಹತ್ತಿ ರಕ್ತ ಕುಡಿದು, ನೆಲಕ್ಕೆ ಬಿದ್ದು, ತರಗೆಲೆಯ ಅಡಿ ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ ಮೊಟ್ಟೆಯೊಡೆದು ಬರುವ ಸಣ್ಣ ಮರಿಗಳು ಇಲಿ, ಮೂಗಿಲಿ, ನೆಲದ ಹಕ್ಕಿಗಳ ಮೇಲೆ ಏರುತ್ತವೆ. ನೆಲಕ್ಕಿಳಿದ ಮಂಗದ ಮೇಲೂ ಏರುತ್ತವೆ. ಅವು ರಕ್ತ ಕುಡಿದು ಪೊರೆ ಬಿಟ್ಟು ಎಳ್ಳುಕಾಳಿನ ಗಾತ್ರದ ಎರಡನೇ ಹಂತಕ್ಕೆ ಬರುತ್ತವೆ. ಮನುಷ್ಯನಿಗೆ ಅಪಾಯ ಇರುವುದು ಈ ಎಳ್ಳುಗಾತ್ರದ ಉಣ್ಣೆಯಿಂದ. ಇದರ ಕಾಲ ಹೆಚ್ಚು ಕಡಿಮೆ ಡಿಸೆಂಬರ್‌ನಿಂದ ಮೇ. ಅಡಿಕೆ ಕೊಯ್ಲು, ಸೊಪ್ಪಿನಬೆಟ್ಟದಲ್ಲಿ ತರಗು ಗುಡಿಸುವುದು, ಸೌದೆ ತರುವುದು, ಹಬ್ಬ, ಶಾಲೆಯ ರಜೆ ಎಲ್ಲವೂ ಬರುವುದು ಇದೇ ತಿಂಗಳುಗಳಲ್ಲಿ.

ಸೋಂಕಿನ ಉಣ್ಣೆ ಕಚ್ಚಿದ ಮುಸುವಕ್ಕೆ ಜ್ವರ ಬರುತ್ತದೆ. ಕೆಲವು ದಿನ ಅದರ ರಕ್ತದಲ್ಲಿ ವೈರಾಣು ತುಂಬಿ ತುಳುಕುತ್ತದೆ. ಆಗ ಅದರ ಮೈಮೇಲಿರುವ ನೂರಾರು ಮರಿ ಉಣ್ಣೆಗಳೂ ಆ ರಕ್ತ ಕುಡಿದು ಸೋಂಕು ಹೊತ್ತುಕೊಳ್ಳುತ್ತವೆ. ಮುಸುವ ಸತ್ತು ಬಿದ್ದು ಮೈ ತಣ್ಣಗಾದೊಡನೆ ಅವೆಲ್ಲ ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಒಂದು ಹೆಣ ಬಿದ್ದ ಜಾಗ ಹೀಗೆ ವಾರಗಟ್ಟಲೆ ಅಪಾಯದ ಜಾಗವಾಗಿ ಉಳಿಯುತ್ತದೆ. ಎರಡು ಮುಸುವಗಳನ್ನು ಭಕ್ತಿಯಿಂದ ಎತ್ತಿಕೊಂಡು ಹೋದ ನಮ್ಮ ಹುಡುಗ ನಡೆದದ್ದು ಅಂಥ ಜಾಗದಲ್ಲಿ.

ಇದು ಹಳ್ಳಿಯವರ ಅಜ್ಞಾನ ಎಂದು ನಗಬೇಡಿ. 2012ರ ಕೊನೆಯಲ್ಲಿ ಬಂಡೀಪುರ ಹುಲಿ ರಕ್ಷಿತಾರಣ್ಯದಲ್ಲಿ ಮಂಗಗಳು ಸತ್ತಾಗ, ಹೆಣಗಳನ್ನು ಎತ್ತಿ ಸುಟ್ಟ ಕೆಲಸಗಾರರಿಗೇ ಕಾಯಿಲೆ ಬಂತು. ಅಲ್ಲಿಯತನಕ ಚಾಮರಾಜನಗರ ಜಿಲ್ಲೆಯಲ್ಲಿ ಈ ರೋಗವಿದೆಯೆಂದು ಯಾರೂ ಎಣಿಸಿರಲಿಲ್ಲ. ಆಮೇಲೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಕಾಣಿಸಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳು ಅನೇಕರಿಗೆ ನೆನಪಿರಬಹುದು.

ತಪ್ಪು ಮುಸುವದ್ದೇ?

ಸುದ್ದಿ ಕೇಳಿದ ತಕ್ಷಣ ಕೆಲವರು "ಆ ಮಂಗಗಳನ್ನೆಲ್ಲ ಹೊಡೆದು ಹಾಕಬೇಕು" ಎನ್ನುತ್ತಾರೆ. ಇದಕ್ಕಿಂತ ಹಾನಿಕರ ಸಲಹೆ ಇಲ್ಲ. ಮುಸುವ ನಮಗಿಂತ ಮೊದಲು ಕಾಯಿಲೆ ಬೀಳುವ ಪ್ರಾಣಿ, ನಮಗೆ ಸಿಗುವ ಮೊದಲ ಎಚ್ಚರಿಕೆ. ವೈರಾಣು ಉಣ್ಣೆಗಳಲ್ಲೂ ಸಣ್ಣ ಪ್ರಾಣಿಗಳಲ್ಲೂ ಉಳಿದುಕೊಳ್ಳುತ್ತದೆ. ಮುಸುವಗಳನ್ನು ಕೊಂದರೆ ಎಚ್ಚರಿಕೆ ನಿಲ್ಲುತ್ತದೆ, ಕಾಯಿಲೆ ನಿಲ್ಲುವುದಿಲ್ಲ. ಬೆದರಿಸಿ ಓಡಿಸಿದರೆ ಸೋಂಕಿತ ಉಣ್ಣೆಗಳೊಂದಿಗೆ ಅವು ಪಕ್ಕದ ಊರಿನ ಕಾಡಿಗೆ ಹೋಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಸುವವನ್ನು ಹಿಡಿಯುವುದು, ಕೊಲ್ಲುವುದು ಅಪರಾಧ ಎಂಬುದು ಬೇರೆ ಮಾತು.

ಕಾಯಿಲೆ ಎಲ್ಲೆಲ್ಲಿ ಭುಗಿಲೆದ್ದಿದೆ ಎಂದು ನೋಡಿದರೆ ಮನುಷ್ಯನ ಕೈ ಕಾಣುತ್ತದೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಭಾಗದಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದರು. ಮಂಗಗಳು ಸತ್ತವು, ಮೊದಲಿಗೆ ಅಲ್ಲಿ ದುಡಿದ ಕೂಲಿಯಾಳುಗಳು ಮಲಗಿದರು. ಮುಂದೆ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಹರಡಿತು. ಕಾಡು ಕಡಿದದ್ದಕ್ಕೆ ಭೂತಗಳು ಮುನಿದವು ಎಂದು ಅಲ್ಲಿನ ಹಲವರು ಹೇಳಿದ್ದನ್ನು ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಾಖಲಿಸಿದ್ದಾರೆ. ಭೂತದ ಮಾತು ಹಾಗಿರಲಿ, ಕಾರಣ ಕಾಡು ಕಡಿದದ್ದೇ ಎಂಬ ಅವರ ಲೆಕ್ಕ ತಪ್ಪಿರಲಿಲ್ಲ.

ದಟ್ಟ ಕಾಡಿನ ನಡುವೆ ತೋಟ, ಗದ್ದೆ, ಕೊಟ್ಟಿಗೆ ಬಂದಾಗ ಮುಸುವ, ದನ, ಮನುಷ್ಯ ಮೂವರೂ ಒಂದೇ ತರಗೆಲೆಯ ಮೇಲೆ ನಡೆಯುತ್ತಾರೆ. ಬೆಂಗಳೂರಿನ ಏಟ್ರೀ ಮತ್ತು ನಿವೇದಿ ಸಂಸ್ಥೆಗಳವರು ಬ್ರಿಟನ್ನಿನ ವಿಜ್ಞಾನಿಗಳ ಜೊತೆಗೂಡಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ನಿತ್ಯಹರಿದ್ವರ್ಣ ಕಾಡೂ ನೆಡುತೋಪೂ ಬೆರೆತು, ನಾಟಿ ದನಗಳು ಹೆಚ್ಚಿರುವ ಕಡೆ ಕಾಯಿಲೆಯ ಸಾಧ್ಯತೆ ಹೆಚ್ಚು. ದನದಿಂದ ಮನುಷ್ಯನಿಗೆ ಕಾಯಿಲೆ ಬರುವುದಿಲ್ಲ. ಆದರೆ ದನದ ರಕ್ತ ಕುಡಿದು ಉಣ್ಣೆಯ ಸಂಖ್ಯೆ ಬೆಳೆಯುತ್ತದೆ. ಕಾಡಿನಿಂದ ತಂದ ತರಗನ್ನು ಕೊಟ್ಟಿಗೆಗೆ ಹಾಸಿದರೆ ಉಣ್ಣೆ ಮನೆ ಬಾಗಿಲಿಗೇ ಬಂದಂತೆ. ಗೊಬ್ಬರವಿಲ್ಲದೆ ಅಡಿಕೆ ತೋಟ ನಡೆಯುವುದಿಲ್ಲ, ತರಗಿಲ್ಲದೆ ಗೊಬ್ಬರವಾಗುವುದಿಲ್ಲ. ಅದು ನನಗೆ ತಿಳಿಯದ ವಿಷಯವಲ್ಲ. ಕೊನೆಯ ಪಕ್ಷ ಮಂಗ ಸತ್ತ ಬೆಟ್ಟದಿಂದ ಆ ವರ್ಷ ತರಗು ತರಬೇಡಿ.

ನೀವು ಮಾಡಬೇಕಾದದ್ದು

ಊರಿಗೆ ಹೊರಡುವ ಮುನ್ನ ಮನೆಯವರಿಗೆ ಫೋನ್ ಮಾಡಿ, ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಕೇಳಿ. ಸತ್ತಿದ್ದರೆ ಆ ಕಡೆ ಹೋಗಬೇಡಿ, ಮಕ್ಕಳನ್ನು ಬಿಡಬೇಡಿ. ಹೆಣವನ್ನು ಕೋಲಿನಿಂದಲೂ ಸರಿಸಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಯವರಿಗೋ ತಿಳಿಸಿ. ಅವರು ರಕ್ಷಣಾ ಉಡುಪು ಧರಿಸಿ ಬಂದು, ಮಾದರಿ ತೆಗೆದು, ಹೆಣ ಸುಟ್ಟು, ಸುತ್ತಲೂ ಕೀಟನಾಶಕ ಪುಡಿ ಹಾಕುತ್ತಾರೆ. "ಹೇಳಿದರೆ ನಮ್ಮೂರಿಗೆ ಕೆಟ್ಟ ಹೆಸರು, ತೋಟಕ್ಕೆ ಕೂಲಿಯವರು ಬರುವುದಿಲ್ಲ" ಎಂದು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಮೊದಲು ಮಲಗುವವರು ಅದೇ ಕೂಲಿಯವರು. ಹನುಮಂತನಿಗೆ ಸಲ್ಲಿಸಬೇಕಾದ ಗೌರವವನ್ನು ಮನೆಯಲ್ಲಿ ದೀಪ ಹಚ್ಚಿ ಸಲ್ಲಿಸಿದರಾಯಿತು.

ಕಾಡಿಗೋ ತೋಟಕ್ಕೋ ಹೋಗಲೇಬೇಕಾದರೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆಯವರು ಕೊಡುವ ಉಣ್ಣೆ ನಿವಾರಕ ಎಣ್ಣೆಯನ್ನು ತೆರೆದ ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಉಣ್ಣೆ ಕಚ್ಚಿಕೊಂಡಿದ್ದರೆ ಬೆರಳಲ್ಲಿ ಜಜ್ಜಬೇಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಆ ಜಾಗವನ್ನು ಸೋಪಿನಿಂದ ತೊಳೆಯಿರಿ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ತಲೆನೋವು, ಮೈಕೈ ನೋವು, ವಾಂತಿ, ಭೇದಿ, ಕಣ್ಣು ಕೆಂಪಾಗುವುದು, ವಿಪರೀತ ಸುಸ್ತು. ಕೆಲವರಿಗೆ ಮೂಗು, ಒಸಡು, ಮಲದಲ್ಲಿ ರಕ್ತ. ಬಹುಪಾಲು ಮಂದಿ ಎರಡು ವಾರಗಳಲ್ಲಿ ಗುಣಮುಖರಾಗುತ್ತಾರೆ. ಇಲ್ಲೊಂದು ಮೋಸವಿದೆ. ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ವಾರವೋ ಎರಡು ವಾರವೋ ಚೆನ್ನಾಗಿದ್ದು, ಮತ್ತೆ ಜ್ವರ ಮರುಕಳಿಸುತ್ತದೆ. ಆಗ ತೀವ್ರ ತಲೆನೋವು, ಕೈನಡುಕ, ತಲೆಸುತ್ತು, ಮಂಪರು ಬರಬಹುದು. ಜ್ವರ ಬಿಟ್ಟಿತೆಂದು ಎದ್ದು ಕೆಲಸಕ್ಕೆ ಹೋಗಬೇಡಿ. ಕಾಯಿಲೆ ಬಂದ ನೂರು ಜನರಲ್ಲಿ ಸುಮಾರು ಮೂರರಿಂದ ಐವರು ಸಾಯುತ್ತಾರೆ. ತಡವಾಗಿ ಆಸ್ಪತ್ರೆಗೆ ಬಂದವರಲ್ಲಿ ತೊಂದರೆ ಹೆಚ್ಚು.

ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ನೀರಿನಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ಕಾಯುತ್ತ ಮೈ ತಾನೇ ಗೆಲ್ಲುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಿದರೆ ರಕ್ತಸ್ರಾವ ಹೆಚ್ಚಬಹುದು. ಅಂಥ ಚುಚ್ಚುಮದ್ದನ್ನೂ ಸೊಂಟಕ್ಕೆ ಹಾಕಿಸಿಕೊಳ್ಳಬೇಡಿ. ರೋಗ ಪತ್ತೆಗೆ ಮೊದಲ ದಿನಗಳಲ್ಲಿ ಪಿಸಿಆರ್ ಪರೀಕ್ಷೆ, ನಂತರ ಎಲೈಸಾ ಪರೀಕ್ಷೆ ಇದೆ. ಶಿವಮೊಗ್ಗದ ವೈರಾಣು ಪ್ರಯೋಗಾಲಯ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗಳು ಇದನ್ನು ಮಾಡುತ್ತ ಬಂದಿವೆ. ನಿಮ್ಮ ವೈದ್ಯರಿಗೆ ಅನುಮಾನ ಬಂದರೆ ತಾನೇ ಮಾದರಿ ಅಲ್ಲಿಗೆ ಹೋಗುವುದು! ಆ ಅನುಮಾನ ಹುಟ್ಟಿಸುವ ಕೆಲಸ ನಿಮ್ಮದು. "ಡಾಕ್ಟ್ರೇ, ಹೋದ ವಾರ ಸಾಗರದಲ್ಲಿದ್ದೆ" ಎಂದು ಅವರು ಕೇಳದಿದ್ದರೂ ಹೇಳಿ.

ಲಸಿಕೆಯ ಬಗ್ಗೆ ಹಲವರು ಕೇಳುತ್ತಾರೆ. ಮಲೆನಾಡಿನಲ್ಲಿ ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯನ್ನು, ಅದರ ಸಾಮರ್ಥ್ಯ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸದರ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಹಿಂದೆ ಚುಚ್ಚುಮದ್ದು ತೆಗೆದುಕೊಂಡಿದ್ದೇನೆ, ನನಗೇನೂ ಆಗದು ಎಂದು ನಂಬಿ ಕೂರಬೇಡಿ.

ನಮ್ಮ ಬೀದಿಯ ಕೋತಿ

ಆ ಹುಡುಗನ ಸುದ್ದಿ ಹರಡಿದ ಮೇಲೆ ಅವನಿದ್ದ ವಠಾರದವರು ಅವನ ತಟ್ಟೆ ಲೋಟ ಬೇರೆ ಇಡಿಸಿದರು. ಪಕ್ಕದ ಮನೆಯಾಕೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಲು ಸಿದ್ಧರಾಗಿ, ಹೊರಡುವ ಮುನ್ನ ನನ್ನ ಬಳಿ ಬಂದು ಹೇಳಿಹೋದರು. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಪಕ್ಕದಲ್ಲಿ ಮಲಗಿದರೂ, ಎಂಜಲು ತಟ್ಟೆ ತೊಳೆದರೂ ಬರುವುದಿಲ್ಲ. ಊರಿನಿಂದ ಬಂದ ಹಲಸು, ಉಪ್ಪಿನಕಾಯಿಯಿಂದಲೂ ಬರುವುದಿಲ್ಲ.

ತಾರಸಿಗೆ ಬರುವ ಕೋತಿಯನ್ನು ಕಂಡು ಮಂಗನ ಕಾಯಿಲೆಯ ಭಯ ಬೇಡ. ಕಾಡು, ಸೋಂಕಿತ ಉಣ್ಣೆ, ಮಂಗ ಇವು ಕೂಡಿದಾಗ ಮಾತ್ರ ಈ ರೋಗದ ಚಕ್ರ ತಿರುಗುತ್ತದೆ. ಬಿನ್ನಿಪೇಟೆಯಲ್ಲಿ ಆ ಕಾಡಿಲ್ಲ. ಕೋತಿಗಳನ್ನು ಓಡಿಸಲು ಮುಸುವವನ್ನು ತಂದು ಕಟ್ಟುವ ಯೋಚನೆ ಮಾಡಿದ ಮನೆಯವರೂ ನನಗೆ ಗೊತ್ತು. ಅದು ಕಾನೂನುಬಾಹಿರ, ಆ ಪ್ರಾಣಿಗೂ ಹಿಂಸೆ. ಕಸದ ಬುಟ್ಟಿಗೆ ಮುಚ್ಚಳ ಹಾಕಿ, ಕೈಯಾರೆ ತಿನ್ನಲು ಕೊಡುವುದನ್ನು ನಿಲ್ಲಿಸಿ. ಕೋತಿ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಯೋಚಿಸಬೇಕಾದದ್ದು ರೇಬಿಸ್ ಬಗ್ಗೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆದು, ಅರಿಶಿನವನ್ನಾಗಲಿ ಸುಣ್ಣವನ್ನಾಗಲಿ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.